ಹಿಂಡಿ ಅಂಗಡಿಯ ತೂಕ

ಇಲ್ಲ ಸಿಸ್ಟರ್, ನೀವು ಮೊದಲು ನನ್ನ ಮಾತಿಗೆ ಉತ್ತರ ಹೇಳಿ. ಬೆಳಿಗ್ಗೆ ಎರಡು ಜಡೆ ಹಾಕಿಸ್ಕೊಂಡು ಕುಣೀತಾ ಶಾಲೆಗೆ ಹೋದ ಹುಡುಗಿ, ನನ್ನ ಮೊಮ್ಮಗಳು. ಪ್ರಾರ್ಥನೆಗೆ ನಿಂತಲ್ಲೇ ಬಿದ್ದುಬಿಟ್ಲು ಅಂತೀರಿ. ಸ್ಕೂಟರಲ್ಲಿ ಕೂರಿಸ್ಕೊಂಡು ಬಂದ್ರಿ, ಒಳಗೆ ಮಂಚದ ಮೇಲೆ ಮಲಗಿಸಿದ್ರಿ, ಸಕ್ಕರೆ ನೀರು ಕುಡಿಸಿದ್ರಿ. ಉಪಕಾರ ಆಯ್ತು. ಮತ್ತೆ ಇನ್ನೂ ಯಾಕೆ ಕೂತಿದೀರಿ? ಆ ಚೀಲದಲ್ಲಿ ಏನಿದೆ?

ಚೀಲ ಹತ್ರ ಎಳ್ಕೊಂಡ್ರಿ. ಸರಿ. ಮೆತ್ತಗೆ ಮಾತಾಡೋಣ, ಗುಬ್ಬಿ ಈಗಷ್ಟೇ ಕಣ್ಣು ಮುಚ್ಚಿದಾಳೆ. ಗುಬ್ಬಿ ಅಂತ ಮನೇಲಿ ಕರೆಯೋದು. ಶಾಲೇಲಿ ಏನಂತಾರೆ ಗೊತ್ತಾ ನಿಮಗೆ? ಮೂಟೆ. ಹಿಂಡಿ ಅಂಗಡಿ ಮೂಟೆ. ನೀವು ಬಂದು ತೂಕ ಹಾಕಿದ ಮಾರನೇ ದಿನದಿಂದ ಆ ಹೆಸರು. ಅದಕ್ಕೆ ಮುಂಚೆ ಅವಳು ಎಲ್ಲ ಮಕ್ಕಳ ಹಾಗೆ ಒಂದು ಮಗು, ಅಷ್ಟೇ.

ನನಗೆ ಮೊದಲಿಂದಲೂ ಅನುಮಾನ ಸಿಸ್ಟರ್, ಮುಚ್ಚುಮರೆ ಯಾಕೆ. ಹೋದ ವರ್ಷ ಹಲ್ಲು ನೋಡ್ತೀವಿ ಅಂತ ಯಾರೋ ಬಂದ್ರು. ಮಕ್ಕಳ ಬಾಯಿ ತೆರೆಸಿ ಫೋಟೋ ತೆಗೆದ್ರು, ಹೋದೋರು ಹೋದ್ರು, ಒಂದು ಬ್ರಷ್ ಕೂಡ ಬರಲಿಲ್ಲ. ಈಗ ಆಸ್ಪತ್ರೆಯಿಂದ ನೀವು. ಹಳ್ಳಿ ಮಕ್ಕಳು ದಪ್ಪ ಆಗ್ತಿದಾರೆ, ಈಗಲೇ ನೋಡ್ಕೊಳ್ಳದಿದ್ರೆ ಮುಂದೆ ಸಕ್ಕರೆ ಕಾಯಿಲೆ ಬರುತ್ತೆ... ಹೌದಪ್ಪ, ಪ್ಯಾಕೆಟ್ ತಿಂಡಿ ತಿಂತಾರೆ, ಬಾಟಲಿ ಜ್ಯೂಸು ಕುಡೀತಾರೆ, ನಡೆಯೋ ಬದಲು ವ್ಯಾನ್ ಹತ್ತಿ ಹೋಗ್ತಾರೆ. ಸುಳ್ಳು ಅಂತ ನಾನೂ ಹೇಳಲ್ಲ. ಆದ್ರೆ ನಿಮಗೇನು ಸಿಗುತ್ತೆ ಇದರಲ್ಲಿ? ಟಾನಿಕ್ ಮಾರ್ತೀರಾ ಆಮೇಲೆ? ಯಾಕೆ ನಗ್ತೀರಿ? ನಗಲಿಲ್ವಾ? ತುಟಿ ಅಲ್ಲಾಡಿದ ಹಾಗಾಯ್ತು.

ನೋಡಿ, ನಾನು ಅಂಗಡಿಯವಳು. ಮೂವತ್ತು ವರ್ಷದಿಂದ ಹಸು ಎಮ್ಮೆಗೆ ಹಿಂಡಿ ಬೂಸಾ ತೂಗಿ ಕೊಟ್ಟಿದೀನಿ. ಎದುರಿಗೆ ನಿಂತೋರ ಮುಖ ನೋಡಿದ್ರೆ ಹೊಟ್ಟೆಯಲ್ಲಿ ಏನಿದೆ ಅಂತ ಗೊತ್ತಾಗುತ್ತೆ. ನನ್ನ ಕಿವಿ ಮೇಲೆ ಹೂ ಇಡೋಕೆ ಆಗಲ್ಲ.

ಆ ಕೆಂಪು ಕಾರ್ಡು, ತೂಕ ಜಾಸ್ತಿ ಅನ್ನೋದು. ಅದನ್ನ ಯಾಕೆ ಕೊಟ್ರಿ ಅವಳಿಗೆ? ಹತ್ತು ವರ್ಷದ ಮಗುಗೆ. ಹಸಿರು ಬಂದ ಮಕ್ಕಳು ಕಾರ್ಡನ್ನ ಬೀಸಣಿಗೆ ಮಾಡ್ಕೊಂಡು ಬೀಸ್ಕೊಂಡು ಬಂದ್ವು. ಇವಳು ಲಂಗದೊಳಗೆ ಮಡಚಿಟ್ಕೊಂಡು ಬಂದ್ಲು. ಅದರಲ್ಲಿ ನಿಮ್ಮ ಕೈಬರಹ ಇದೆ, ಈಗ ಮೂವತ್ತಾರು ಕೆಜಿ, ಎತ್ತರಕ್ಕೆ ತಕ್ಕ ಹಾಗೆ ಮೂವತ್ತಮೂರಿದ್ರೆ ಚೆನ್ನ ಅಂತ. ಪಕ್ಕದಲ್ಲಿ ಒಂದು ನಗೋ ಮುಖ ಬೇರೆ ಬರೆದಿದೀರಿ. ಆ ಮೂವತ್ತಮೂರು ಅವಳ ತಲೆಗೆ ಹೊಕ್ಕಿದ್ದು ಇಳೀಲೇ ಇಲ್ಲ.

ಊಟಕ್ಕೆ ಕೂತ್ರೆ ಎರಡು ತುತ್ತು. ಸಾಕು ಅಜ್ಜಿ, ಶಾಲೇಲಿ ತಿಂದೆ ಅಂತಿದ್ಲು. ನಂಬಿದೆ. ಹೋದ ವಾರ ಮೂಟೆ ಸರಿಸ್ತೀನಿ, ಹಿಂದೆ ಬೇಯಿಸಿದ ಮೊಟ್ಟೆ, ಒಣಗಿದ ಬಾಳೆಹಣ್ಣು, ನಾನು ಕಟ್ಟಿಕೊಟ್ಟ ಡಬ್ಬಿ ಊಟ ಕಾಗದದಲ್ಲಿ ಸುತ್ತಿದ್ದು... ಇರುವೆ ಸಾಲು. ಬೈದೆ. ಹೊಡೆದೆ ಕೂಡ, ಒಂದೇಟು. ಅವಳಮ್ಮ ಪಟ್ಟಣದಲ್ಲಿ ಕೆಲಸ ಮಾಡ್ತಾಳೆ, ತಿಂಗಳಿಗೊಮ್ಮೆ ಬಂದುಹೋಗ್ತಾಳೆ. ಅವಳಿಗೆ ಏನಂತ ಹೇಳಲಿ? ಮಗಳನ್ನ ನನ್ನ ಕೈಲಿ ಕೊಟ್ಟು ಹೋದೋಳಿಗೆ?

ನೀವು ಅತ್ತ ಕಡೆ ಯಾಕೆ ನೋಡ್ತಿದೀರಿ? ಅದು ನಮ್ಮ ತೂಕದ ಮಿಷನ್ನು. ನೋಡಿಲ್ವಾ ಮುಂಚೆ?

ಹೌದು, ಅದೇ. ಶಾಲೆಗೆ ತಂದಿದ್ದೂ ಅದೇ. ಈಗ ತಪ್ಪೆಲ್ಲ ಅದರ ಮೇಲೆ ಹಾಕೋ ಯೋಚನೆನಾ? ಅವತ್ತು ದಾರೀಲಿ ನಿಮ್ಮ ಸ್ಕೂಟರ್ ಜಾರಿ ನಿಮ್ಮ ತೂಕದ ಮಿಷನ್ನಿನ ಗಾಜು ಒಡೀತು, ಅದಕ್ಕೆ ನಾನು ಹೊಣೆನಾ? ಹೆಡ್‌ಮೇಷ್ಟ್ರು ತಾವೇ ಓಡಿ ಬಂದ್ರು. ಅಜ್ಜಿ, ಮಕ್ಕಳೆಲ್ಲ ಸಾಲು ನಿಂತಿದಾರೆ, ನಿಮ್ಮ ಮಿಷನ್ ಒಂದು ಗಂಟೆ ಕೊಡಿ ಅಂದ್ರು. ಅಂಗಡೀಲಿ ನಾಲ್ಕು ಜನ ಗಿರಾಕಿ ನಿಂತಿದ್ರು, ಎಲ್ಲರೂ ನನ್ನ ಮುಖ ನೋಡ್ತಿದ್ರು. ಹೇಗೆ ಇಲ್ಲ ಅನ್ನೋದು? ಇಲ್ಲ ಅಂದ್ರೆ ಯಾಕೆ ಅಂತ ಕೇಳ್ತಾರೆ.

ಅಂದ್ರೆ... ಜಿಪುಣಿ ಅಂತಾರೆ ಅಂದೆ. ಬೇರೇನಿಲ್ಲ.

ನಾನೂ ಜೊತೆಗೆ ಬಂದೆ. ನನ್ನ ಮಿಷನ್ನು ಇನ್ನೊಬ್ಬರ ಕೈಗೆ ಬಿಟ್ಟು ಇರೋಳಲ್ಲ ನಾನು. ನೀವು ಎತ್ತರ ಅಳೀತಿದ್ರಿ, ನಾನು ತೂಕ ಕೂಗ್ತಿದ್ದೆ, ಮೇಷ್ಟ್ರು ಬರ್ಕೊಳ್ತಿದ್ರು. ಗೋಡೆಗೊರಗಿ ಅಪ್ಪ ಅಮ್ಮಂದಿರು ಕೂತಿದ್ರು, ಎಲ್ಲ ನನ್ನ ಗಿರಾಕಿಗಳೇ. ಒಂದೊಂದು ಮಗುವಿಗೂ ಗಟ್ಟಿಯಾಗಿ ಕೂಗಿದೆ. ಗುಬ್ಬಿ ಹತ್ತಿದಾಗಲೂ ಕೂಗಿದೆ. ಮೊಮ್ಮಗಳು ಅಂತ ಮೆಲ್ಲಗೆ ಹೇಳಿದ್ನಾ? ಇಲ್ಲ.

ಕೆಂಪು ಕಾರ್ಡು ಎಷ್ಟಾಯ್ತು, ಹನ್ನೊಂದಲ್ವಾ? ಇಷ್ಟೊಂದು ಬರುತ್ತೆ ಅಂದ್ಕೊಂಡಿರಲಿಲ್ಲ ಅಂದ್ರಿ ನೀವೇ. ಅವತ್ತೇ ನನಗೆ ಅನ್ನಿಸ್ತು, ನಿಮಗೆ ಏನೋ ಅನುಮಾನ ಬಂದಿದೆ ಅಂತ.

ಅಯ್ಯೋ, ಅದನ್ನ ಯಾಕೆ ತೆಗೀತಿದೀರಿ ಚೀಲದಿಂದ? ಓ, ರಿಪೇರಿ ಆಯ್ತಾ ನಿಮ್ಮ ಮಿಷನ್ನು. ಹೊಸ ಗಾಜು. ಇಲ್ಲಿ ಇಡಬೇಡಿ, ಬೂಸಾ ಧೂಳು ಕೂರುತ್ತೆ. ಗುಬ್ಬೀನ ಎಬ್ಬಿಸೋದು ಬೇಡ, ನಾನು ಬಿಡಲ್ಲ. ಬೆಳಿಗ್ಗೆ ಶಾಲೇಲೇ ತೂಗಿದ್ರಾ? ಎಷ್ಟು? ಮೂವತ್ತಾ?

ಇರಲ್ಲ. ನೆನ್ನೆ ಸಾಯಂಕಾಲ ಇಲ್ಲಿ ಮೂವತ್ತಮೂರು ಇತ್ತು. ನಾನೇ ನೋಡಿದೀನಿ. ಅವಳು ದಿನಾ ಶಾಲೆಯಿಂದ ಬಂದವಳೇ ಇದರ ಮೇಲೆ ಹತ್ತಿ ನಿಲ್ತಾಳೆ. ಚಪ್ಪಲಿ ಬಿಟ್ಟು, ಬಳೆ ತೆಗೆದು, ಉಸಿರು ಬಿಗಿಹಿಡಿದು. ಮೂವತ್ತೈದೂವರೆ. ಮೂವತ್ತೈದು. ನಾಲ್ಕು ದಿನ ಅಲ್ಲೇ ನಿಂತುಬಿಡ್ತು, ಆಗ ಅತ್ತಳು, ಮಾರನೇ ದಿನ ನೀರೂ ಕುಡೀಲಿಲ್ಲ. ನೆನ್ನೆ ಮೂವತ್ತಮೂರು ಬಂತು ನೋಡಿ, ಅಜ್ಜೀ ಬಂತು ಅಂತ ನನ್ನ ಕತ್ತು ತಬ್ಬಿಕೊಂಡ್ಲು. ತಬ್ಬಿಕೊಂಡಾಗ ಅವಳ ಬೆನ್ನು ಮೂಳೆ ಕೈಗೆ ಸಿಕ್ತು.

ನಾನು ಅಲ್ಲೇ ಗಲ್ಲಾ ಮುಂದೆ ಕೂತಿರ್ತಿದ್ದೆ. ದಿನಾ. ನೋಡ್ತಾ.

ಯಾಕೆ ಚಪ್ಪಲಿ ಬಿಡ್ತಿದೀರಿ ಸಿಸ್ಟರ್? ನೀವೇ ಹತ್ತುತೀರಾ? ಹತ್ತಿ, ನನಗೇನು. ನಿಮ್ಮದರಲ್ಲಿ ಐವತ್ತು. ಸರಿ, ನೋಡಿದೆ. ಈಗ ನಮ್ಮದಾ... ಬೇಡ, ಅದು ಗೋಣಿ ತೂಗೋದು. ನೋಡಿ, ಖಾಲಿ ಇದ್ದಾಗ ಸೊನ್ನೆ ತೋರಿಸ್ತಿದೆ, ಸರಿಯಾಗೇ ಇದೆ. ಇದರ ಮೇಲೆ ಹತ್ತೋದು ಯಾಕೆ ಅಂತೀನಿ...

ಐವತ್ತೈದು.

ನೆಲ ಸಮ ಇಲ್ಲ. ಇಲ್ಲಿ ಒಂದು ಕಡೆ ತಗ್ಗು, ಮಳೆಗಾಲದಲ್ಲಿ ನೀರು ನಿಲ್ಲುತ್ತೆ. ಕರೆಂಟೂ ಹೆಚ್ಚುಕಮ್ಮಿ ಆಗುತ್ತೆ. ಹಳೇ ಮಿಷನ್ನು ಸಿಸ್ಟರ್, ನಮ್ಮ ಯಜಮಾನ್ರು ಇದ್ದಾಗ ತಂದಿದ್ದು. ಆಗ ಯಾರೋ ಬಂದು ಒಳಗೆ ಏನೋ ತಿರುವಿ ಹೋದ. ಹತ್ತು ಕೆಜಿಗೆ ಒಂದು ಜಾಸ್ತಿ ತೋರಿಸುತ್ತೆ, ಅಷ್ಟೇ. ಹಸು ತಿನ್ನೋದರಲ್ಲಿ ಎರಡು ಹಿಡಿ ಕಮ್ಮಿ ಆದ್ರೆ ಯಾರಿಗೆ ಗೊತ್ತಾಗುತ್ತೆ ಅಂದಿದ್ರು ಅವರು. ಅವರು ಹೋದ ಮೇಲೆ ನಾನೂ ಹಾಗೇ ಬಿಟ್ಟೆ. ಸರಿ ಮಾಡಿಸಿದ್ರೆ ಒಂದೇ ದಿನದಲ್ಲಿ ಊರಿಗೆಲ್ಲ ತಿಳಿಯುತ್ತೆ, ಗೋಣಿ ದಿಢೀರ್ ಅಂತ ತುಂಬಿದ್ಯಲ್ಲ ಅಂತ.

ಬೈರಿ ಬೇಕಾದ್ರೆ. ಆ ಕೆಂಪು ಕಾರ್ಡಿನ ಪಟ್ಟಿ ಹಿಡ್ಕೊಂಡು ಹನ್ನೊಂದು ಹೆಸರಿನ ಮೇಲೂ ಬೆರಳು ಇಟ್ಟು ಇಟ್ಟು ನೋಡಬೇಡಿ ಹಾಗೆ.

ಅವತ್ತೇ ಗೊತ್ತಿತ್ತು ನನಗೆ. ಮೊದಲನೇ ಮಗು ಹತ್ತಿದಾಗಲೇ. ಬಾಯಿ ಬಿಟ್ಟು ಹೇಳಿಬಿಡಲಾ ಅಂತ ಗೋಡೆ ಕಡೆ ನೋಡಿದೆ. ನಲವತ್ತು ಜನ ಗಿರಾಕಿ ಕೂತಿದ್ರು. ಕಾಗದದ ಮೇಲಿನ ಅಂಕಿ ತಾನೇ, ಮಕ್ಕಳಿಗೇನಾಗುತ್ತೆ ಅಂದ್ಕೊಂಡೆ. ಆಮೇಲೆ ಮೂಟೆ ಹಿಂದೆ ಆ ಮೊಟ್ಟೆ ಸಿಕ್ಕಿತಲ್ಲ, ಅವತ್ತಾದ್ರೂ ಹೇಳಬಹುದಿತ್ತು. ಅವತ್ತು ಅವಳಿಗೆ ಹೊಡೆದೆ.

ಯಾಕೆ ನನ್ನ ಹಿಂದೆ ನೋಡ್ತಿದೀರಿ?

ಎದ್ದುಬಿಟ್ಯಾ? ಎಷ್ಟು ಹೊತ್ತಾಯ್ತು ಅಲ್ಲಿ ನಿಂತು... ಇಲ್ಲ ಸಿಸ್ಟರ್, ನೀವು ಏಳಬೇಡಿ. ನೀವು ಹೇಳಿದ್ರೆ ಅವಳು ಮಿಷನ್ ಕೆಟ್ಟಿತ್ತು ಅಂದ್ಕೊಳ್ತಾಳೆ.

ಬಾ ಗುಬ್ಬಿ, ಅದರ ಮೇಲೆ ಹತ್ತಬೇಡ, ಇಲ್ಲಿ ನನ್ನ ಹತ್ರ ಬಾ. ಆ ಕಾರ್ಡು ಕೊಡು. ಮೂವತ್ತಮೂರು ಅಂತ ಬರೆದಿದಾರಲ್ಲ ಸಿಸ್ಟರ್, ನೀನು ಮೊದಲನೇ ದಿನವೇ ಅಷ್ಟಿದ್ದೆ ಕಂದ. ಮೂವತ್ತಾರು ಅಂತ ಕೂಗಿದ್ದು ನಾನು.