ಕೆಳಮಹಡಿಯ ಫೋನು, ಮೇಲ್ಮಹಡಿಯ ಲ್ಯಾಪ್‌ಟಾಪು

ಮಾನ್ಯ ಅಧ್ಯಕ್ಷರೇ, ಇಷ್ಟು ಭಾಷಣ ಕೇಳಿಯೂ ಎದ್ದು ಹೋಗದ ಮುಖ್ಯ ಅತಿಥಿಗಳೇ, ಈ ಓಣಿಯ ಹಿರಿಯರೇ, ಕುರ್ಚಿ ಸಿಗದೆ ಬಾಗಿಲಲ್ಲಿ ನಿಂತಿರುವ ಸಭಿಕರೇ,

ನಾನು ಸರ್ವೆ ಇಲಾಖೆಯವಳು. ಭಾಷಣ ನನ್ನ ಕಸುಬಲ್ಲ, ಅಳತೆ ನನ್ನ ಕಸುಬು. ಆದರೂ ಇವತ್ತು ಮಾತನಾಡದೆ ಬಿಡುವುದಿಲ್ಲ. ಯಾಕೆ ಬಿಡಬೇಕು? ನಾವು ಗೆದ್ದಿದ್ದೇವೆ. ನಿಮ್ಮ ಓಣಿ ಗೆದ್ದಿದೆ! ಪತ್ರಿಕೆಯವರು ಕೇಳಿದರು, "ಮೇಡಂ, ಗೆಲುವಿನ ಗುಟ್ಟೇನು?" ವೈಫೈ ಅಂದೆ. ಅವರು ನಕ್ಕರು. ನೀವೂ ನಗುತ್ತಿದ್ದೀರಿ. ನಗಿ, ಪರವಾಗಿಲ್ಲ.

ಈ ಓಣಿಯ ಮೇಲೆಯೇ ಹಾದುಹೋಗಬೇಕಿದ್ದ ಹೊಸ ರಸ್ತೆಯ ಮೊದಲ ನಕ್ಷೆಯಲ್ಲಿ ನಿಮ್ಮ ಮನೆಗಳೇ ಇರಲಿಲ್ಲ. ಆಕಾಶದಿಂದ ತೆಗೆದ ಚಿತ್ರದಲ್ಲಿ ನಿಮ್ಮ ತಗಡಿನ ಮಾಡುಗಳೆಲ್ಲ ಸೇರಿ ಒಂದೇ ಉದ್ದನೆಯ ಕಟ್ಟಡದಂತೆ ಕಾಣುತ್ತವೆ. ಅದರ ಮೇಲೆ ನಕ್ಷೆಗಾರರು ಬರೆದದ್ದು ಒಂದೇ ಪದ: ಗೋದಾಮು. ಗೋದಾಮು ಕೆಡವಲು ಯಾರನ್ನು ಕೇಳಬೇಕು? ಮೂಟೆಗಳು ಬಂದು ಆಕ್ಷೇಪಣೆ ಸಲ್ಲಿಸುತ್ತವೆಯೇ?

ಆ ನಕ್ಷೆಗಾರರು ಯಾರು ಎಂದು ಕೇಳಬೇಡಿ. ಕೇಳಿದರೂ ಹೇಳುವುದಿಲ್ಲ. ಸರಿ, ಹೇಳುತ್ತೇನೆ: ನನ್ನ ಯಜಮಾನರು.

ಇಬ್ಬರದೂ ಒಂದೇ ಕಚೇರಿ. ಅವರು ಮೇಲ್ಮಹಡಿಯಲ್ಲಿ ಲ್ಯಾಪ್‌ಟಾಪಿನ ಮುಂದೆ, ನಾನು ಕೆಳಮಹಡಿಯಿಂದ ಫೋನು ಹಿಡಿದು ಬೀದಿಗೆ. "ಆ ಗೋದಾಮಲ್ಲಿ ಒಬ್ರು ಅಜ್ಜಿ ನಂಗೆ ಚಹಾ ಕೊಟ್ಟಿದ್ದಾರೆ ಕಣ್ರೀ," ಅಂದೆ. "ಮೇಲಿಂದ ನೋಡಿದ್ರೆ ಗೋದಾಮೇ," ಅಂದರು. ಅವತ್ತಿನಿಂದ ಮನೆಯಲ್ಲಿ ನಮ್ಮ ಮಾತೆಲ್ಲ ಮಗಳ ಮೂಲಕ. "ನಿಮ್ಮಪ್ಪಂಗೆ ಹೇಳು, ಗ್ಯಾಸ್ ಮುಗೀತು." "ನಿಮ್ಮಮ್ಮಂಗೆ ಹೇಳು, ಬುಕ್ ಮಾಡಿದೀನಿ." ಅಡುಗೆಮನೆಗೂ ಹಾಲಿಗೂ ನಡುವೆ ಬಾಗಿಲು ಕೂಡ ಇಲ್ಲ, ಸಭಿಕರೇ! ಇದನ್ನೆಲ್ಲ ಯಾಕೆ ಹೇಳಿದೆ? ಇರಲಿ, ವಿಷಯಕ್ಕೆ ಬರುತ್ತೇನೆ.

ನಾನು ಈ ಓಣಿಗೆ ಮತ್ತೆ ಬಂದೆ. ಪ್ರತಿ ಗೋಡೆ ಅಳೆದೆ, ಪ್ರತಿ ಬಾಗಿಲಿನ ಫೋಟೊ ತೆಗೆದೆ. ಎಲ್ಲವೂ ಫೋನಿನಲ್ಲಿತ್ತು. ರಸ್ತೆಯ ಬಗ್ಗೆ ಆಕ್ಷೇಪಣೆ ಕೇಳುವ ವಿಚಾರಣೆ ಅದೇ ಮಧ್ಯಾಹ್ನ. ಅಷ್ಟರೊಳಗೆ ನಕ್ಷೆ ತಿದ್ದದಿದ್ದರೆ ಗೋದಾಮೇ ಖಾಯಂ. ಯಾವತ್ತೂ ನಾವು ಮಾಹಿತಿಯನ್ನು ಇಂಟರ್ನೆಟ್ಟಿಗೆ ಏರಿಸುತ್ತೇವೆ. ಅದು ಎಲ್ಲಿಗೋ ಹೋಗಿ, ಸುತ್ತಾಡಿ, ಕೊನೆಗೆ ಮೇಲ್ಮಹಡಿಯಲ್ಲಿ ಇಳಿಯುತ್ತದೆ. ಅವತ್ತು ಇಂಟರ್ನೆಟ್ ಸತ್ತಿತ್ತು, ಸಿಗ್ನಲ್ಲೂ ಅದರ ಹಿಂದೆಯೇ ಹೋಗಿತ್ತು. ರಸ್ತೆ ಅಗೆಯುವವರೇ ಕೇಬಲ್ ಕತ್ತರಿಸಿದ್ದರು! ನನ್ನ ಫೋನೋ, ಚರಂಡಿಗೆ ಬಿದ್ದೆದ್ದದ್ದು. ವೈರು ಚುಚ್ಚಿದರೆ ಚಾರ್ಜ್ ಆಗುತ್ತದೆ, ಬೇರೇನೂ ದಾಟುವುದಿಲ್ಲ. ಮಗಳು ಪರೀಕ್ಷೆ ಬರೆಯಲು ಹೋಗಿದ್ದಳು. ಮೆಟ್ಟಿಲು ಹತ್ತದೆ ಬೇರೆ ದಾರಿ ಇರಲಿಲ್ಲ.

ಇಂಟರ್ನೆಟ್ ಇಲ್ಲದಿದ್ದರೂ ವೈಫೈ ಇರುತ್ತದೆ ಎಂಬುದು ನಿಮಗೆ ಗೊತ್ತೇ? ಒಂದೇ ವೈಫೈಯಲ್ಲಿರುವ ಫೋನು ಮತ್ತು ಲ್ಯಾಪ್‌ಟಾಪು ನೇರವಾಗಿ ಕೊಟ್ಟು ತೆಗೆದುಕೊಳ್ಳಬಹುದು. ನಡುವೆ ಯಾರೂ ಬೇಡ. ನಾನು ಫೋನಿನಲ್ಲಿ ರವಾನೆಯ ಗುಂಡಿ ಒತ್ತಿದೆ. ಫೋನು ಅಂಕಿಗಳ ಒಂದು ವಿಳಾಸ ತೋರಿಸಿತು. ಮೇಜಿನ ಮೇಲಿಟ್ಟೆ. ಅವರು ಅದನ್ನು ಲ್ಯಾಪ್‌ಟಾಪಿನಲ್ಲಿ ಹೊಡೆದರು. ಪುಟ ತೆರೆಯಲಿಲ್ಲ. ಮತ್ತೆ ಹೊಡೆದರು. ಇಲ್ಲ. ಆಮೇಲೆ ಗೋಡೆ ನೋಡಿಕೊಂಡು ಅಂದರು, "ಯಾರೋ ಇನ್ನೂ ಕೆಳಗಿನ ವೈಫೈಯಲ್ಲೇ ಇದ್ದಾರೆ ಅನ್ಸುತ್ತೆ."

ಹೌದು, ನಮ್ಮ ಕಚೇರಿಯಲ್ಲಿ ಮಹಡಿಗೊಂದು ವೈಫೈ. ಅವರ ಮಹಡಿಯದಕ್ಕೆ ನಾನು ಯಾವತ್ತೂ ಸೇರಿದವಳಲ್ಲ. ಗಡಿಯಾರ ನೋಡಿದೆ. ನೀವೆಲ್ಲ ಕಣ್ಣ ಮುಂದೆ ಬಂದಿರಿ. "ರೀ, ಪಾಸ್‌ವರ್ಡ್ ಏನ್ರೀ?" ಅಂದೆ. ಅವರ ಕಿವಿ ಕೆಂಪಾಯಿತು. ಆ ಪಾಸ್‌ವರ್ಡನ್ನು ಈ ವೇದಿಕೆಯಿಂದ ಹೇಳುವಂತಿಲ್ಲ, ಇಲಾಖೆಯ ಭದ್ರತೆಯ ಪ್ರಶ್ನೆ. ಮದುವೆಯಾದ ಹೊಸತರಲ್ಲಿ ಅವರು ನನ್ನನ್ನು ಕರೆಯುತ್ತಿದ್ದ ಹೆಸರು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಪುಟ ತೆರೆಯಿತು! ಫೋನಿನ ಪರದೆ ಆರಿದರೆ ರವಾನೆ ನಿಲ್ಲುತ್ತದೆ. ಹಾಗಾಗಿ ಅವರ ಪಕ್ಕದಲ್ಲೇ ಕುಳಿತು ಪರದೆಯನ್ನು ಬೆರಳಿಂದ ಮುಟ್ಟುತ್ತಾ ಇದ್ದೆ. ನಿಮ್ಮ ಬಾಗಿಲುಗಳು ಒಂದೊಂದಾಗಿ ಬಂದವು. ನೀಲಿ ಬಾಗಿಲು, ಒಳಗೆ ಹೊಲಿಗೆ ಯಂತ್ರ ಕಾಣುವ ಬಾಗಿಲು, ಚಹಾ ಕೊಟ್ಟ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನಿಂತ ಬಾಗಿಲು. ಅಜ್ಜಿಯನ್ನು ಅವರು ಬಹಳ ಹೊತ್ತು ನೋಡಿದರು. "ತಪ್ಪಾಯ್ತು ಕಣೇ," ಅಂದರು. "ನೀನು ಅಳತೆ ಓದ್ತಾ ಹೋಗು, ನಾನು ಗೆರೆ ಎಳೀತೀನಿ." ಗೋದಾಮು ಅಳಿಸಿಹೋಯಿತು. ಗೋಡೆ ಗೋಡೆಯಾಗಿ, ಮನೆ ಮನೆಯಾಗಿ ನಿಮ್ಮ ಓಣಿ ಎದ್ದು ನಿಂತಿತು. ನನಗೆ ಅಳು ಬಂತು, ಖುಷಿಗೆ. ವಿಚಾರಣೆಯ ಕೋಣೆಗೆ ಇಬ್ಬರೂ ಓಡಿಕೊಂಡೇ ಹೋದೆವು.

ರಸ್ತೆ ಬಾಗಿತು, ಮಹನೀಯರೇ! ಹಳೆಯ ನಕ್ಷೆಯ ಪ್ರಕಾರ ಅದರ ನಡುಗೆರೆ ಈ ಅಧ್ಯಕ್ಷರ ಕುರ್ಚಿಯ ಕೆಳಗೇ ಹಾದುಹೋಗಬೇಕಿತ್ತು. ಅಧ್ಯಕ್ಷರೇ, ಏಳಬೇಡಿ, ಆರಾಮಾಗಿ ಕೂತಿರಿ. ಇನ್ನು ಯಾರೂ ನಿಮ್ಮನ್ನು ಎಬ್ಬಿಸಲಾರರು.

ನನಗೆ ಕೊಟ್ಟ ಈ ಸನ್ಮಾನ ಫಲಕದ ಮೇಲೆ ನನ್ನ ಹೆಸರೊಂದನ್ನೇ ಕೆತ್ತಿಸಿದ್ದೀರಿ. ಅಳೆದವಳು ನಾನು, ಎಳೆದವರು ಅವರು. ಕೊನೆಯ ಸಾಲಿನಲ್ಲಿ ಕಂಬದ ಹಿಂದೆ ಕುಳಿತಿದ್ದಾರೆ. ಅಳೆಯಲು ಬಾಗಿಲು ತೆರೆದು ನಿಂತ ನಿಮಗೆಲ್ಲ ಧನ್ಯವಾದ, ನಮಸ್ಕಾರ. ಮಗಳೇ, ಅಪ್ಪನ್ನ ಕರೆಯೋಕೆ ನೀನ್ಯಾಕೆ ಎದ್ದೆ? ಕೂತ್ಕೋ, ನಾನೇ ಕರೀತೀನಿ. ರೀ, ಮೇಲೆ ಬನ್ನಿ.