ದೂರದ ನೌಕೆ ಉತ್ತರಿಸುವ ತನಕ

೨೦೦೩ರಲ್ಲಿ ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ ಕೇಳಿದ್ದು. ನುಗ್ಗೇಹಳ್ಳಿಯ ನಂಜಯ್ಯ ಮೊಮ್ಮಗಳು ನೇತ್ರಾಳನ್ನು ಹಾಸನದ ಭಾಷಣ ಸ್ಪರ್ಧೆಗೆ ಕರೆದೊಯ್ಯುತ್ತಿದ್ದರು. ಅವಳ ವಿಷಯ, ಸೂರ್ಯನಿಂದ ಬಹಳ ದೂರ ಹೋಗಿರುವ ಹಳೆಯ ಬಾಹ್ಯಾಕಾಶ ನೌಕೆ.

“ನಾನೇ ಜಡ್ಜು ಅಂದ್ಕೊ. ಇಪ್ಪತ್ತಾರು ವರ್ಸದ ನೌಕೆಗೆ ಕರೆಂಟು ಎಲ್ಲಿಂದ?”

“ಒಳಗಿರೋ ಪ್ಲುಟೋನಿಯಂ ಶಾಖದಿಂದ, ತಾತ. ವರ್ಷವರ್ಷ ಕಮ್ಮಿಯಾಗ್ತದೆ. ಅದಕ್ಕೇ ಒಂದೊಂದೇ ಯಂತ್ರ ಆಫ್ ಮಾಡ್ತಾರೆ.”

“ಓಲ್ಟೇಜ್ ಬಿದ್ದಾಗ ನಾವು ಟೀವಿ, ಮಿಕ್ಸಿ ಆರ್ಸಿ ತ್ವಾಟದ ಮೋಟ್ರು ಓಡುಸ್ತೀವಲ್ಲ, ಅಂಗೆ. ಯಾವುದನ್ನ ಆರ್ಸಕಿಲ್ಲ?”

“ಭೂಮಿ ಜೊತೆ ಮಾತಾಡೋ ರೇಡಿಯೋನ.”

“ಭೇಷ್! ಏನಾರ ಕೇಳಿದ್ರೆ ಉತ್ರ ಯಾವಾಗ ಬತ್ತದೆ?”

“ನಮ್ಮ ಮಾತು ಹೋಗೋಕೆ ಹನ್ನೆರಡು ಗಂಟೆ, ಅದರ ಮಾತು ಬರೋಕೆ ಹನ್ನೆರಡು ಗಂಟೆ.”

“ಅಲ್ಲೀಗಂಟ ಕಾಯ್ತಾರಾ?”

“ಕಾಯ್ಲೇಬೇಕು.”

“ನೀನು ಹೋದ್ವರ್ಸ ಪ್ರಶ್ನೆ ಮುಗಿಯಕ್ಕೆ ಮುಂಚೇನೇ ಬಾಯಾಕಿ ಸೋತೆ ಕಣವ್ವ. ಇವತ್ತು ಒಂದುಸ್ರು ಎಳ್ಕೊಂಡು ಹೇಳು.”

ಹಾಸನದ ಬಸ್ಸು ಬಂತು. ಹತ್ತುವಾಗ ನಂಜಯ್ಯ ಕೇಳಿದರು: “ಗಾಬ್ರಿ ಆಗ್ತೈತಾ?”

ನೇತ್ರಾ ಮೆಟ್ಟಿಲ ಮೇಲೆ ನಿಂತು ಉಸಿರೆಳೆದುಕೊಂಡಳು.

“ಬೇಗ ಹತ್ತಮ್ಮಾ!” ಎಂದ ಕಂಡಕ್ಟರು.

“ಇರಪ್ಪಾ, ಉತ್ರ ಬತ್ತಾ ಐತೆ,” ಎಂದರು ನಂಜಯ್ಯ.

“ಗಾಬರಿ ಇಲ್ಲ ತಾತ,” ಎಂದು ಹೇಳಿ ಅವಳು ಒಳಗೆ ಹೋದಳು.