ಗಾಜಿಗೆ ರಬ್ಬರ್ ಕಚ್ಚುವ ಬಗೆ

ಕಟ್ಟುತ್ತಿದ್ದ ಮಳಿಗೆಯ ಮೆಟ್ಟಿಲ ಮೇಲೆ ಕಸ ಗುಡಿಸುವಾಕೆ ದಣಿವಾರಿಸಿಕೊಳ್ಳುತ್ತಿದ್ದಳು. ಎದುರಿಗೆ ಗಾಜು ಕೂರಿಸುವ ಮಾವ, ಅಳಿಯ. ಗಾಜೆತ್ತುವ ಹಿಡಿಕೆಯ ರಬ್ಬರ್ ಬಟ್ಟಲನ್ನು ಅಳಿಯ ಅಂಗಿಗೆ ಒರೆಸಿದ.

“ಅಳಿಯಂದಿರೇ, ನಿಮ್ಮ ಅಂಗಿ ತುಂಬಾ ಸಿಮೆಂಟು. ಒದ್ದೆ ಬಟ್ಟೆ ತಗೊಳ್ಳಿ.”

“ಅದೇ ಎಳ್ಕೊಂಡು ಹಿಡ್ಕೊಳ್ಳುತ್ತೆ ಬಿಡಿ ಮಾವ.”

“ಅದೇನೂ ಎಳೆಯಲ್ಲ. ಒಳಗಿನ ಗಾಳಿ ಹೋದ್ರೆ ಹೊರಗಿನ ಗಾಳಿ ಒತ್ತಿ ಹಿಡಿಯುತ್ತೆ, ಅಷ್ಟೇ. ಅಂಚಲ್ಲಿ ಒಂದು ಕಾಳು ಮರಳಿದ್ರೆ ಗಾಳಿ ಒಳಗೆ ನುಗ್ಗುತ್ತೆ. ಗಾಜು ಕಾಲ ಮೇಲೆ.”

“ಮೇಲಿಂದ ಮೇಸ್ತ್ರಿ ಬೇಗ ಬನ್ನಿ ಅಂತ ಕೂಗ್ತಿದಾನೆ.”

“ಕೂಗ್ಲಿ. ಅವನ ಕಾಲು ಮೇಜಿನ ಕೆಳಗೆ ಭದ್ರವಾಗಿದೆ. ನಿಮ್ಮ ಕಾಲಿಗೇನಾದ್ರೂ ಆದ್ರೆ ಮಗಳಿಗೆ ಜವಾಬು ಹೇಳೋನು ನಾನು.”

“ಅವಳಿಗಿಂತ ನಿಮ್ಮ ಕಾಟವೇ ಜಾಸ್ತಿ,” ಎನ್ನುತ್ತಲೇ ಅಳಿಯ ರಬ್ಬರನ್ನೂ ಗಾಜನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದ.

ಮೇಸ್ತ್ರಿ ಮತ್ತೆ ಕೂಗಿದ. ಗುಡಿಸುವಾಕೆ ಎದ್ದು ದಾರಿ ಬಿಟ್ಟಳು. ಹಿಡಿಕೆ ಒತ್ತಿ ಗಾಜೆತ್ತುವಾಗ, ಭಾರವೆಲ್ಲ ಬೀಳುವ ಕೆಳತುದಿಯನ್ನು ಮಾವ ತಾನೇ ಹಿಡಿದ. ಒಂದೊಂದೇ ಮೆಟ್ಟಿಲು ನೋಡಿಕೊಂಡು ಇಬ್ಬರೂ ನಿಧಾನವಾಗಿಯೇ ಹತ್ತಿಹೋದರು.